ರೋನ್ ಮುಳುಗುವ ಜಾಗ

ಲ ಬೂವ್ರೆ ಎಂಬ ಸಣ್ಣ ಊರಿನ ಪಕ್ಕದಲ್ಲಿ ರೋನ್ ನದಿ ಕಾಣೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳಿಂದ ಸುಮಾರು 165 ಕಿಲೋಮೀಟರ್ ಹರಿದು ಬಂದ ನೀರು ಇಲ್ಲಿ ಲೆಮಾನ್ ಸರೋವರವನ್ನು ಸೇರುತ್ತದೆ. ಹೊರಗಿನವರು ಜಿನೀವಾ ಸರೋವರ ಎನ್ನುವುದು ಇದನ್ನೇ. ಜುಲೈ ತಿಂಗಳಲ್ಲಿ ದಡದಲ್ಲಿ ನಿಂತರೆ ಬೂದಿ ಕಲಸಿದಂಥ ನೀರು ಭರದಿಂದ ಒಳನುಗ್ಗುವುದು ಕಾಣುತ್ತದೆ. ಒಂದಿಷ್ಟು ದೂರ ಹೋಗುವಷ್ಟರಲ್ಲಿ ಆ ಬಣ್ಣ ಗೆರೆ ಎಳೆದ ಹಾಗೆ ಮುಗಿದುಬಿಡುತ್ತದೆ. ಗೆರೆಯ ಆಚೆ ನೀಲಿ ನೀರು. ಗೆರೆಯ ಮೇಲೆ ನೊರೆ, ತರಗೆಲೆ, ಬೆಟ್ಟದಿಂದ ಕೊಚ್ಚಿಬಂದ ಮರದ ತುಂಡುಗಳು ಸುತ್ತುತ್ತಿರುತ್ತವೆ. ನದಿಯ ಜೊತೆ ಅಲ್ಲಿಯವರೆಗೆ ಬಂದಿವೆ; ಮುಂದೆ ಕರೆದೊಯ್ಯಲು ಮೇಲೆ ನದಿಯೇ ಇಲ್ಲ.

ದೋಣಿ ನಡೆಸುವವರು ಆ ಕಡೆಗೆ ಬತಾಯೇರ್ ಎಂದು ಹೆಸರಿಟ್ಟಿದ್ದರು. ಕಾಳಗ ನಡೆಯುವ ಜಾಗ ಎಂಬ ಧ್ವನಿ ಆ ಹೆಸರಿನಲ್ಲಿದೆ. ಎರಡು ನೀರು ಎದುರುಬದುರಾಗಿ ಜಗ್ಗಾಡುತ್ತವೆ, ಅದರಲ್ಲೊಂದು ಕೆಳಗೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಕೆಳಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ಹಳಬರು ತಮ್ಮದೇ ಒಂದು ಉತ್ತರ ಕಂಡುಕೊಂಡಿದ್ದರು. ರೋನ್ ಸರೋವರದ ಮೂಡಣ ತುದಿಯಲ್ಲಿ ಒಳಹೊಕ್ಕು ಪಡುವಣ ತುದಿಯ ಜಿನೀವಾ ನಗರದಲ್ಲಿ ಹೊರಬೀಳುತ್ತದೆ. ಒಳಬಂದ ನದಿಯೇ ಹೊರಹೋಗುವ ನದಿ, ನಡುವೆ ಸರೋವರದ ನೀರಿನೊಡನೆ ಬೆರೆಯದೆ ತನ್ನ ಪಾಡಿಗೆ ದಾಟಿಬಿಡುತ್ತದೆ ಎಂದು ರೋಮನ್ ಕಾಲದವರು ನಂಬಿದ್ದರು. ಒಂದನೇ ಶತಮಾನದ ಪ್ಲಿನಿ ಇಂಥ ನದಿಗಳ ಸಾಲಿನಲ್ಲಿ ರೋನನ್ನೂ ಹೆಸರಿಸಿದ್ದಾನೆ. ನಾಲ್ಕನೇ ಶತಮಾನದ ಅಮ್ಮಿಯಾನುಸ್ ಮಾರ್ಸೆಲ್ಲಿನುಸ್ ಅದನ್ನೇ ಇನ್ನಷ್ಟು ಬಿಡಿಸಿ ಬರೆದಿದ್ದಾನೆ. ಮುಂದೆ ಬಂದವರಿಗೆ ಈ ಮಾತು ಕಟ್ಟುಕತೆಯಂತೆ ತೋರಿತು, ಅದರಲ್ಲಿ ತಪ್ಪೂ ಇಲ್ಲ. ಒಳಬರುವ ರೋನ್ ಬರೀ ಬಗ್ಗಡ. ಜಿನೀವಾದ ಸೇತುವೆಗಳ ಕೆಳಗೆ ಹೋಗುವ ರೋನ್ ತಿಳಿನೀಲಿ. ಬೆರೆಯದೆ ದಾಟಿ ಬಂದದ್ದಾದರೆ ಕೆಸರನ್ನು ಎಲ್ಲಿ ಬಿಟ್ಟುಬಂತು? ಜಿನೀವಾ ದಾಟಿದ ಕೂಡಲೇ ಮೊಂ ಬ್ಲಾಂ ಶಿಖರದ ಕಡೆಯಿಂದ ಆರ್ವ್ ಹೊಳೆ ಬಂದು ಸೇರುತ್ತದೆ. ಅದರ ದಾರಿಯಲ್ಲಿ ಇಂಥ ಸರೋವರವಿಲ್ಲ, ಹಾಗಾಗಿ ಅದಿನ್ನೂ ಬೂದುಬಣ್ಣದಲ್ಲೇ ಇರುತ್ತದೆ. ಸಂಗಮದಲ್ಲಿ ನೀಲಿ ನೀರೂ ಬೂದು ನೀರೂ ಒಂದೇ ಪಾತ್ರದಲ್ಲಿ ಪಕ್ಕಪಕ್ಕ ಹರಿಯುವುದನ್ನು ನೋಡಿದವರಿಗೆ, ಲೆಮಾನ್ ಸರೋವರ ರೋನ್ ನದಿಯಿಂದ ಏನನ್ನು ತೆಗೆದಿಟ್ಟುಕೊಂಡಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮುಂದಿನ ಕತೆ ತಿಳಿಯಬೇಕಾದರೆ ಈ ನದಿಯ ಪಂಚಾಂಗ ತಿಳಿದಿರಬೇಕು.

ನಮ್ಮ ಹೊಳೆಗಳು ಮೋಡ ಕವಿದಾಗ ತುಂಬುತ್ತವೆ, ಬಿಸಿಲು ಬಿದ್ದರೆ ಇಳಿಯುತ್ತವೆ. ರೋನ್ ನದಿಯ ಮೇಲುಭಾಗದಲ್ಲಿ ಲೆಕ್ಕ ತಿರುಗುಮುರುಗು. ಮೋಡವೇ ಇಲ್ಲದ, ಸುಡುಬಿಸಿಲಿನ ಜುಲೈ ದಿನಗಳಲ್ಲಿ ಅದು ಉಕ್ಕಿ ಹರಿಯುತ್ತದೆ. ನಡುಬೇಸಿಗೆಯಲ್ಲಿ ಆಕಾಶ ಮುಚ್ಚಿ ಚಳಿ ಬಿದ್ದು ಬೆಟ್ಟದ ಮೇಲೆ ಹೊಸ ಹಿಮ ಸುರಿದರೆ ಕೆಳಗೆ ನದಿ ಸೊರಗುತ್ತದೆ. ಕಾರಣ, ಈ ನದಿಯ ಕಣಜ ಇರುವುದು ಹೆಪ್ಪುಗಟ್ಟಿದ ನೀರಿನಲ್ಲಿ. ಫುರ್ಕಾ ಕಣಿವೆದಾರಿಯ ಬುಡದಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ, ರೋನ್ ಹಿಮನದಿಯ ತುದಿಯಿಂದ ಅದು ಹೊರಡುತ್ತದೆ. ಹಿಮನದಿ ಎಂದರೆ ಕಣಿವೆಯನ್ನು ತುಂಬಿಕೊಂಡು ಬಲು ನಿಧಾನವಾಗಿ ಕೆಳಕ್ಕೆ ಜಾರುವ ಮಂಜುಗಡ್ಡೆಯ ರಾಶಿ. ಅಲ್ಲಿಂದ ಮುಂದೆ ಬಲಕ್ಕೆ ಬೆರ್ನ್ ಆಲ್ಪ್ಸ್, ಎಡಕ್ಕೆ ಪೆನ್ನೈನ್ ಆಲ್ಪ್ಸ್. ನಡುವಿನ ಉದ್ದನೆಯ ತೊಟ್ಟಿಯಂಥ ಕಣಿವೆಯೇ ವಾಲೇ ಪ್ರಾಂತ್ಯ. ಬ್ರಿಗ್ ಊರಿನ ಬಳಿ ಮಸ್ಸಾ ಹೊಳೆ ಬಂದು ಸೇರುತ್ತದೆ. ಅದು ಆಲ್ಪ್ಸ್ ಪರ್ವತಗಳಲ್ಲೇ ಅತಿ ದೊಡ್ಡದಾದ ಆಲೆಚ್ ಹಿಮನದಿಯ ಕರಗುನೀರು. ವಿಸ್ಪ್ ಊರಿನಲ್ಲಿ ಮಾಂಟೆ ರೋಸಾ, ಮ್ಯಾಟರ್‌ಹಾರ್ನ್ ಶಿಖರಗಳ ಕಡೆಯ ನೀರು ಕೂಡಿಕೊಳ್ಳುತ್ತದೆ. ಮಾರ್ಟಿನಿ ಊರಿನವರೆಗೆ ಪಶ್ಚಿಮ ದಿಕ್ಕು ಹಿಡಿದಿದ್ದ ನದಿ ಅಲ್ಲಿ ಮೊಣಕೈ ಮಡಿಸಿದಂತೆ ಬಲಕ್ಕೆ ತಿರುಗಿ, ಸಾಂ ಮೊರೀಸ್ ಇಕ್ಕಟ್ಟಿನಲ್ಲಿ ನುಸುಳಿ, ಬಯಲಿಗೆ ಬಂದು, 372 ಮೀಟರ್ ಎತ್ತರದಲ್ಲಿರುವ ಸರೋವರವನ್ನು ಮುಟ್ಟುತ್ತದೆ. ಸರೋವರಕ್ಕೆ ಬರುವ ನೀರಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಈ ನದಿಯದೇ.

ವಾಲೇ ಕಣಿವೆಯ ತಳದಲ್ಲಿ ಮಳೆ ಕಡಿಮೆ. ಎರಡೂ ಕಡೆಯ ಎತ್ತರದ ಬೆಟ್ಟಸಾಲುಗಳು ಮೋಡಗಳನ್ನು ಮೇಲೆಯೇ ಹಿಂಡಿಬಿಡುತ್ತವೆ. ಸ್ವಿಟ್ಜರ್ಲೆಂಡಿನ ಅತಿ ಒಣ ಪ್ರದೇಶಗಳಲ್ಲಿ ಸಿಯೋನ್ ಸುತ್ತಲಿನ ನೆಲವೂ ಒಂದು. ಅಲ್ಲಿನ ರೈತರು ಎಷ್ಟೋ ಶತಮಾನಗಳಿಂದ ಹಿಮನದಿಗಳ ಹೊಳೆಗಳಿಗೆ ಕಾಲುವೆ ತೋಡಿ, ಬಂಡೆಯ ಮೈಗೆ ಮರದ ನಾಲೆಗಳನ್ನು ನೇತುಹಾಕಿ, ಹೊಲಕ್ಕೂ ದ್ರಾಕ್ಷಿತೋಟಕ್ಕೂ ನೀರು ತಂದಿದ್ದಾರೆ. ಬಿಸ್ ಎಂದು ಅವಕ್ಕೆ ಹೆಸರು. ಆ ಕಾಲುವೆಗಳನ್ನು ಕಟ್ಟಿದವರಿಗೆ ನದಿಯ ಪಂಚಾಂಗ ಬಾಯಿಪಾಠವಾಗಿತ್ತು. ಜನವರಿ, ಫೆಬ್ರವರಿಯಲ್ಲಿ ನೀರು ಮೇಲೆ ಹಿಮವಾಗಿ ಕುಳಿತಿರುತ್ತದೆ, ನದಿ ಬಡಕಲು. ಏಪ್ರಿಲ್‌ನಿಂದ ತಗ್ಗಿನ ಇಳಿಜಾರುಗಳ ಹಿಮ ಕರಗಲು ಶುರು. ಮೇ, ಜೂನ್ ಬಂದಂತೆ ಕರಗುವ ಗೆರೆ ಮೇಲೇರುತ್ತ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಳೆಯ ಮಂಜುಗಡ್ಡೆಯೇ ಕರಗುತ್ತದೆ. ಹಿಮನದಿಯ ಹತ್ತಿರದಲ್ಲಿ ಇದೇ ಆಟ ದಿನವೂ ನಡೆಯುತ್ತದೆ: ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದ ತೊರೆ ಇಳಿಹೊತ್ತಿಗೆ ಕಾಲಿಡಲು ಬಿಡುವುದಿಲ್ಲ.

ನೀರಿನ ಜೊತೆ ಬಂಡೆಯ ಹಿಟ್ಟೂ ಬರುತ್ತದೆ. ಅದನ್ನು ಬೀಸುವುದು ಸಾಗುವ ಹಿಮನದಿ. 1874ರಲ್ಲಿ ರೋನ್ ಹಿಮನದಿಯ ಮೈಗೆ ಅಡ್ಡಲಾಗಿ ಬಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟು, ವರ್ಷವರ್ಷವೂ ಅವು ಎಲ್ಲಿಗೆ ಸರಿದಿವೆ ಎಂದು ಅಳೆಯುವ ಕೆಲಸ ಶುರುವಾಯಿತು. ನೇರವಾಗಿದ್ದ ಸಾಲುಗಳು ಬರಬರುತ್ತ ಬಿಲ್ಲಿನಂತೆ ಬಾಗಿದವು. ನಡುವಿನ ಮಂಜು ಅಂಚಿಗಿಂತ ಬೇಗ ಸಾಗುತ್ತದೆ. ಸಾಗುವ ಮಂಜುಗಡ್ಡೆ ತನ್ನ ಹೊಟ್ಟೆಯಡಿ ಸಿಕ್ಕ ಕಲ್ಲುಗಳಿಂದ ಕೆಳಗಿನ ಬಂಡೆಯನ್ನು ತಿಕ್ಕುತ್ತದೆ, ಬೀಸುತ್ತದೆ. ಬೀಸಿದ ಹುಡಿ ಎಷ್ಟು ನಯವೆಂದರೆ ಲೋಟದಲ್ಲಿ ಹಿಡಿದಿಟ್ಟರೂ ಬಹುಹೊತ್ತು ತಳ ಮುಟ್ಟುವುದಿಲ್ಲ. ಬೇಸಿಗೆಯ ನದಿಗೆ ಬೂದುಬಣ್ಣ ಬರುವುದು ಇದರಿಂದಲೇ. ಅಲ್ಲಿಯ ಜನ ಹಿಮನದಿಯ ಹಾಲು ಎನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ಗಮನದಲ್ಲಿಡಬೇಕು. ಈ ನದಿ ತುಂಬಿ ಹರಿಯುವ ವಾರಗಳು, ಅತಿ ಹೆಚ್ಚು ಕೆಸರು ಹೊರುವ ವಾರಗಳು, ಸರೋವರದ ಮೇಲ್ನೀರಿಗಿಂತ ಅದು ತುಂಬ ತಣ್ಣಗಿರುವ ವಾರಗಳು, ಮೂರೂ ಒಂದೇ. ಲೆಮಾನ್ ಬಿಸಿಲಿಗೆ ಮೈಯೊಡ್ಡಿ 20 ಡಿಗ್ರಿ ಮುಟ್ಟಿರುವ ಹೊತ್ತಿನಲ್ಲೇ ನದಿ ಬೆಟ್ಟದ ಚಳಿಯನ್ನು ಹೊತ್ತು ಬರುತ್ತದೆ.

ಇದನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಫ್ರಾಂಸ್ವಾ ಅಲ್ಫೋನ್ಸ್ ಫೊರೆಲ್. ಸರೋವರದ ಬಡಗಣ ದಡದಲ್ಲಿರುವ ಮೊರ್ಜ್ ಊರಿನಲ್ಲಿ 1841ರಲ್ಲಿ ಹುಟ್ಟಿದರು. ಅವರಿಗೆ 13 ವರ್ಷವಾಗಿದ್ದಾಗ, 1854ರ ಆಗಸ್ಟ್‌ನಲ್ಲಿ, ಆ ಊರಿನ ದಂಡೆಯ ಬಳಿ ನೀರಿನಡಿ ಹಳೆಯ ಕಾಲದ ಮನೆಗಳ ಮರದ ಕಂಬಗಳು ಇರುವುದನ್ನು ಪರೀಕ್ಷಿಸಲು ಅಡಾಲ್ಫ್ ಮೊರ್ಲೋ ಎಂಬ ಭೂವಿಜ್ಞಾನಿ ತಲೆಗೆ ಬಕೆಟ್ಟಿನಂಥ ಶಿರಸ್ತ್ರಾಣ ಹಾಕಿಕೊಂಡು, ಕೊಳವೆಯಲ್ಲಿ ಗಾಳಿ ತರಿಸಿಕೊಂಡು, ಸರೋವರದ ತಳಕ್ಕಿಳಿದರು. ಮೇಲೆ ದೋಣಿಯಲ್ಲಿದ್ದವರಲ್ಲಿ ಫೊರೆಲ್ ಅವರ ತಂದೆಯೂ ಒಬ್ಬರು. ಸರೋವರಕ್ಕೂ ಒಂದು ನೆಲವಿದೆ, ಆ ನೆಲದಲ್ಲಿ ನೋಡಬೇಕಾದ್ದು ಇದೆ ಎಂಬ ತಿಳಿವು ಆ ಮನೆಯ ಮಾತುಕತೆಯಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ.

ಫೊರೆಲ್ ವೈದ್ಯಕೀಯ ಓದಿ, ಲೊಸಾನ್‌ನಲ್ಲಿ ಅಂಗರಚನೆ ಮತ್ತು ಶರೀರವಿಜ್ಞಾನ ಕಲಿಸುವ ಪ್ರಾಧ್ಯಾಪಕರಾದರು. ಮನಸ್ಸೆಲ್ಲ ಮನೆಯೆದುರಿನ ನೀರಿನಲ್ಲಿತ್ತು. 1869ರಲ್ಲಿ 40 ಮೀಟರ್ ಆಳದಿಂದ ಮೇಲೆತ್ತಿದ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒಂದು ಸಣ್ಣ ಹುಳು ಹರಿದಾಡಿತು. ಬೆಳಕು ಸರಿಯಾಗಿ ಮುಟ್ಟದ ತಳದಲ್ಲಿ ಜೀವ ಇರಲಾರದೆಂದು ತಿಳಿದಿದ್ದ ಕಾಲ ಅದು. ಬಂದರಿನ ನೀರು ಗಾಳಿಯಿಲ್ಲದಿದ್ದರೂ ಏರಿ ಇಳಿಯುವುದನ್ನು ಅವರು ವರ್ಷಗಟ್ಟಲೆ ಅಳೆದು, ಇಡೀ ಸರೋವರ ತೊಟ್ಟಿಲಿನಂತೆ ತೂಗುತ್ತದೆ, ಆ ಕಡೆಯಿಂದ ಈ ಕಡೆಗೆ ಒಂದು ಸುತ್ತು ತೂಗಲು ಸುಮಾರು 73 ನಿಮಿಷ ಬೇಕು ಎಂದು ತೋರಿಸಿದರು. ನೀರಿನ ಬಣ್ಣ, ತಿಳಿತನ, ಪ್ರತಿ ಆಳದ ಉಷ್ಣಾಂಶ, ಯಾವುದನ್ನೂ ಬಿಡಲಿಲ್ಲ. ಹೀಗೆ ಕೂಡಿಬಂದದ್ದೇ ‘ಲ ಲೆಮಾನ್’ ಎಂಬ ಮೂರು ಸಂಪುಟಗಳ ಗ್ರಂಥ. 1892, 1895, 1904ರಲ್ಲಿ ಅಚ್ಚಾಯಿತು. ಸರೋವರ ವಿಜ್ಞಾನಕ್ಕೆ ಲಿಮ್ನಾಲಜಿ ಎಂಬ ಹೆಸರು ನಿಂತದ್ದು ಅವರಿಂದ. ಒಂದೇ ಸರೋವರದ ದಡದಲ್ಲಿ ಬಾಳಿ, ಅದೊಂದನ್ನೇ ನೋಡಿ, ಒಂದು ಇಡೀ ವಿಜ್ಞಾನವನ್ನು ಕಟ್ಟಿದವರು ಇನ್ನೊಬ್ಬರು ನನಗೆ ತಿಳಿದಿಲ್ಲ.

ಆದರೂ ಮುಳುಗಿದ ನದಿ ಏನಾಗುತ್ತದೆ ಎಂಬುದರ ಮುಖ್ಯ ಸುಳಿವು ಸಿಕ್ಕಿದ್ದು ಅವರ ಉಪಕರಣಕ್ಕಲ್ಲ, ನಕ್ಷೆ ಮಾಡುವವರ ಗುಂಡಿಗೆ.

ಸ್ವಿಸ್ ಸರ್ಕಾರದ ಭೂಪಟ ಕಚೇರಿ ಆ ವರ್ಷಗಳಲ್ಲಿ ದೇಶದ ಹೊಸ ನಕ್ಷೆಗಳನ್ನು ಹೊರತರುತ್ತಿತ್ತು. ನೆಲದ ಮೇಲೆ ಸಮಎತ್ತರದ ಗೆರೆಗಳನ್ನು ಎಳೆಯುವ ಹಾಗೆಯೇ ಸರೋವರಗಳ ತಳಕ್ಕೂ ಎಳೆಯಬೇಕೆಂದು ತೀರ್ಮಾನವಾಯಿತು. 1819ರಲ್ಲೇ ಇಂಗ್ಲೆಂಡಿನ ಹೆನ್ರಿ ಡಿ ಲಾ ಬೀಚ್ ಲೆಮಾನ್‌ನ ಆಳ ಅಳೆದಿದ್ದರು, ಆದರೆ ಅಲ್ಲೊಂದು ಇಲ್ಲೊಂದು ಕಡೆ. 1880ರ ದಶಕದಲ್ಲಿ ಹೋರ್ನ್‌ಲಿಮಾನ್ ಎಂಬ ಎಂಜಿನಿಯರ್ ಸಾಲು ಹಿಡಿದು, ಅಂತರ ಹಿಡಿದು ಈ ಕೆಲಸ ಮಾಡಿದರು. ಬೇಸರ ಹಿಡಿಸುವ ಕೆಲಸ ಅದು. ದೋಣಿ ನಿಲ್ಲಿಸಬೇಕು, ದಡದ ಗುರುತುಗಳಿಂದ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಬೇಕು, ತಂತಿಗೆ ಕಟ್ಟಿದ ಗುಂಡನ್ನು ಇಳಿಬಿಡಬೇಕು, ತಳ ತಾಕಿತೆಂದು ಕೈಗೆ ತಿಳಿದಾಗ ತಂತಿಯ ಉದ್ದ ಬರೆದುಕೊಳ್ಳಬೇಕು, ಮತ್ತೆ ಸುತ್ತಿ ಮೇಲೆತ್ತಬೇಕು, ಮುಂದೆ ಸಾಗಬೇಕು. ಗಾಳಿ ಎದ್ದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ನದಿ ಸರೋವರವನ್ನು ಸೇರುವ ಕಡೆ ತಳ ಹೇಗಿರಬೇಕು? ಓದಿದವರನ್ನಾಗಲಿ ಓದದವರನ್ನಾಗಲಿ ಕೇಳಿದರೂ ಒಂದೇ ಉತ್ತರ ಬರುತ್ತಿತ್ತು. ಕೆಸರು ಹೊತ್ತ ನೀರು ನಿಂತ ನೀರಿಗೆ ಬಂದಾಗ ವೇಗ ಕಳೆದುಕೊಂಡು ಹೊರೆಯನ್ನು ಅಲ್ಲೇ ಇಳಿಸುತ್ತದೆ. ಹಾಗಾಗಿ ನದಿಯ ಬಾಯೆದುರು ದೊಡ್ಡ ದಿಬ್ಬ ಇರಬೇಕು. ರೋನ್ ನದಿಯ ದಡವೇ ಇದಕ್ಕೆ ಸಾಕ್ಷಿ. ಪೋರ್ಟ್-ವಾಲೇ ಎಂಬ ಊರಿನ ಹೆಸರಿನಲ್ಲೇ ಬಂದರು ಇದೆ, ಆದರೆ ಊರು ಈಗ ನೀರಿನಿಂದ ಎರಡು ಕಿಲೋಮೀಟರಿನಷ್ಟು ದೂರ. 1830ರಲ್ಲೇ ಚಾರ್ಲ್ಸ್ ಲಯಲ್ ತಮ್ಮ ಭೂವಿಜ್ಞಾನದ ಪುಸ್ತಕದಲ್ಲಿ ಇದನ್ನು ಎತ್ತಿ ಹೇಳಿ, ನದಿ ಸರೋವರವನ್ನು ಹೇಗೆ ತುಂಬುತ್ತಿದೆ ಎಂದು ವಿವರಿಸಿದ್ದರು.

ಹೋರ್ನ್‌ಲಿಮಾನ್ ಅವರ ಗುಂಡು ನದಿಯ ಬಾಯೆದುರು ದಿಬ್ಬವನ್ನು ಮುಟ್ಟಲಿಲ್ಲ. ಇಳಿಯಿತು, ಇಳಿಯುತ್ತಲೇ ಹೋಯಿತು. ಎಡಕ್ಕೂ ಬಲಕ್ಕೂ ಸರಿದು ಅಳೆದರೆ ತಳ ಮೇಲಿತ್ತು. ಎಲ್ಲಕ್ಕಿಂತ ಹೆಚ್ಚು ಕೆಸರು ಬೀಳಬೇಕಾದ ಸಾಲಿನಲ್ಲೇ ಒಂದು ಕೊರಕಲು ಇತ್ತು. ಅಂಕಿಗಳನ್ನೆಲ್ಲ ಹಾಳೆಯ ಮೇಲೆ ಇಟ್ಟು ಗೆರೆ ಕೂಡಿಸಿದಾಗ ಮೂಡಿದ ಚಿತ್ರ ಬೆರಗು ಹುಟ್ಟಿಸುವಂಥದು. ನದಿಯ ಬಾಯಿಂದ ಶುರುವಾಗಿ ಆರು ಕಿಲೋಮೀಟರಿಗೂ ಮೀರಿ, 200 ಮೀಟರಿಗೂ ಹೆಚ್ಚಿನ ಆಳದವರೆಗೆ ಒಂದು ಕಂದರ ಅಂಕುಡೊಂಕಾಗಿ ಸಾಗಿತ್ತು. ಅಗಲ ಕೆಲವು ನೂರು ಮೀಟರ್. ಅಂಚಿನಿಂದ ತಳಕ್ಕೆ ಕೆಲವೆಡೆ 50 ಮೀಟರ್. ಎರಡೂ ಅಂಚಿನಲ್ಲಿ ಕೆರೆಯ ಏರಿಯ ಹಾಗೆ ಕೆಸರಿನ ಒಡ್ಡುಗಳು. ಸರೋವರವನ್ನು ಬತ್ತಿಸಿ ನೋಡಿದರೆ ಯಾರಾದರೂ ಅದನ್ನು ನದಿಯ ಪಾತ್ರ ಎಂದೇ ಹೇಳುತ್ತಿದ್ದರು.

ಸುಲಭದ ವಿವರಣೆಯೊಂದು ಕೈಗೆಟುಕುವಂತಿತ್ತು: ಹಿಂದೊಮ್ಮೆ ಸರೋವರದ ಮಟ್ಟ ತಗ್ಗಿದ್ದಿರಬಹುದು, ಆಗ ಬಯಲಿನಲ್ಲಿ ಹರಿದ ನದಿಯ ಹಳೆಯ ಪಾತ್ರ ಈಗ ಮುಳುಗಿದೆ. ಆದರೆ ಅದು ನಿಲ್ಲುವ ಮಾತಲ್ಲ. ವರ್ಷವರ್ಷವೂ ಲಕ್ಷಾಂತರ ಟನ್ ಕೆಸರು ಸುರಿಯುವ ಕಡೆ ಸತ್ತ ಪಾತ್ರವೊಂದು ತೆರೆದುಕೊಂಡು ಉಳಿಯುವುದೆಂತು? ಯಾವತ್ತೋ ಮುಚ್ಚಿಹೋಗಬೇಕಿತ್ತು. ಹೋರ್ನ್‌ಲಿಮಾನ್ ಅವರು ಕಾನ್‌ಸ್ಟನ್ಸ್ ಸರೋವರದಲ್ಲಿ ರೈನ್ ನದಿಯ ಬಾಯೆದುರು ಅಳೆದಾಗಲೂ ಅಂಥದೇ ಕಂದರ ಸಿಕ್ಕಿತು. ರೈನ್ ಕೂಡ ಆಲ್ಪ್ಸ್ ಪರ್ವತಗಳ ಹಿಮದಿಂದ ಇಳಿದು ಬರುವ ನದಿ. ಇಂಥ ಎರಡು ನದಿಗಳ ಬಾಯಲ್ಲಿ ಒಂದೇ ಆಕಾರ ಕಂಡರೆ ಅದಕ್ಕೆ ಕಾರಣ ಆ ನದಿಗಳ ಗುಣದಲ್ಲೇ ಇರಬೇಕು. ಕಂದರ ತೆರೆದಿದೆ ಎಂದರೆ ಅದನ್ನು ಯಾವುದೋ ಇಂದಿಗೂ ಗುಡಿಸುತ್ತಿದೆ.

ಫೊರೆಲ್ ಅವರ ಬಳಿ ವರ್ಷಗಳ ಉಷ್ಣಾಂಶದ ಲೆಕ್ಕ ಇತ್ತು, ಬತಾಯೇರ್‌ನಲ್ಲಿ ಮುಳುಗುವ ನೀರನ್ನು ಕಂಡ ಅನುಭವ ಇತ್ತು. ನದಿ ಮುಳುಗಿದ ಮೇಲೆ ಕರಗಿಹೋಗುವುದಿಲ್ಲ, ಸರೋವರದ ಇಳಿಜಾರು ತಳದ ಮೇಲೆ ನದಿಯಾಗಿಯೇ ಮುಂದೆ ಹರಿಯುತ್ತದೆ ಎಂದು ಅವರು ಹೇಳಿದರು. ಆ ಹರಿವು ಇರುವ ನಡುಸಾಲಿನಲ್ಲಿ ಕೆಸರು ಕೂರುವುದಿಲ್ಲ. ಪಕ್ಕಕ್ಕೆ ಚೆಲ್ಲಿದ ನೀರು ವೇಗ ಕಳೆದುಕೊಂಡು ಅಲ್ಲಿ ಕೆಸರು ಇಳಿಸುತ್ತದೆ. ವರ್ಷ ಕಳೆದಂತೆ ಏರಿಗಳು ಬೆಳೆಯುತ್ತವೆ, ನಡುವಿನ ದಾರಿ ಮಾತ್ರ ತಗ್ಗಿನಲ್ಲೇ ಉಳಿಯುತ್ತದೆ. ಅಂದರೆ ಈ ಕಂದರದ ಬಹುಭಾಗ ತೋಡಿದ್ದಲ್ಲ, ಎರಡೂ ಬದಿ ಕಟ್ಟಿಕೊಂಡದ್ದು. 1885ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವರದಿಯಲ್ಲಿ ನಾಲ್ಕು ಪುಟದೊಳಗೆ ಅವರು ಇದನ್ನು ಪ್ರಕಟಿಸಿದರು. ಹಿಮನದಿಗಳಿಂದ ಹುಟ್ಟಿದ ನದಿಗಳ ಸರೋವರತಳದ ಕಂದರಗಳು ಎಂದೇ ಅದರ ತಲೆಬರಹ. ಕಾರಣವನ್ನು ತಲೆಬರಹದಲ್ಲೇ ಇಟ್ಟಿದ್ದರು.

ನದಿಯ ಪಂಚಾಂಗ ಕೆಲಸಕ್ಕೆ ಬರುವುದು ಇಲ್ಲೇ. ನೀರು ಯಾಕೆ ತಳದವರೆಗೆ ಹೋಗಬೇಕು? ತಣ್ಣಗಿರುವುದರಿಂದ ಎಂದರೆ ಅರ್ಧ ಉತ್ತರ ಅಷ್ಟೆ. ಸಾವಿರ ಲೀಟರ್ ಶುದ್ಧ ನೀರು 20 ಡಿಗ್ರಿಯಲ್ಲಿ 998.2 ಕಿಲೋ ತೂಗುತ್ತದೆ, 10 ಡಿಗ್ರಿಯಲ್ಲಿ 999.7 ಕಿಲೋ. ಸರೋವರದ ಮೇಲ್ನೀರು 20, ಬರುವ ನದಿ 10 ಎಂದುಕೊಂಡರೆ ನದಿ ಮುಳುಗಲೇಬೇಕು, ಮುಳುಗುತ್ತದೆ. ಆದರೆ ಸರೋವರ ಕೆಳಗೆ ಹೋದಂತೆ ತಣ್ಣಗಾಗುತ್ತದೆ. ಆಳದಲ್ಲಿ ವರ್ಷವಿಡೀ ಸುಮಾರು 5 ಡಿಗ್ರಿ. ಅಲ್ಲಿ ಸಾವಿರ ಲೀಟರ್ ನೀರು ಸಾವಿರ ಕಿಲೋಗೆ ಮೂವತ್ತು ಗ್ರಾಂ ಕಡಿಮೆ. ಅಂದರೆ ತಳದ ನೀರು ನದಿಯ ನೀರಿಗಿಂತ ಕಾಲು ಕಿಲೋದಷ್ಟು ಭಾರ. ತಣ್ಣಗಿರುವುದಷ್ಟನ್ನೇ ನಂಬಿಕೊಂಡ ನದಿ ಅರ್ಧ ದಾರಿಯಲ್ಲಿ ತನ್ನ ತೂಕದ್ದೇ ನೀರು ಸಿಕ್ಕ ಮಟ್ಟದಲ್ಲಿ ನಿಂತು, ಅಲ್ಲೇ ಹಾಳೆಯಂತೆ ಹರಡಿಕೊಳ್ಳುತ್ತದೆ. ಅದನ್ನು ತಳಕ್ಕೆ ಎಳೆದೊಯ್ಯುವುದು ಹಿಮನದಿ ಬೀಸಿದ ಹಿಟ್ಟು. ಆ ಕಾಲು ಕಿಲೋ ಅಂತರವನ್ನು ಮುಚ್ಚಲು ಎಷ್ಟು ಹುಡಿ ಬೇಕು? ಹುಡಿ ತಾನು ಹಿಡಿದ ಜಾಗದ ನೀರಿನ ತೂಕವನ್ನು ಕಳೆದು ಲೆಕ್ಕ ಹಾಕಿದರೂ, ಸಾವಿರ ಲೀಟರಿಗೆ ಅರ್ಧ ಕಿಲೋ ಸಾಕು. ಬೇಸಿಗೆಯ ಪ್ರವಾಹದಲ್ಲಿ ರೋನ್ ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದೆ.

ಹಾಗಾಗಿ ತಳದ ನದಿಗೆ ಋತುಗಳಿವೆ. ಚಳಿಗಾಲದ ರೋನ್ ಬಡಕಲು, ತಿಳಿ. ಹೊರಲು ಹುಡಿಯಿಲ್ಲ, ಕಂದರ ಬಹುಮಟ್ಟಿಗೆ ಮೌನವಾಗಿರುತ್ತದೆ. ಹಿಮನದಿಯ ಮೇಲೆ ಬಿಸಿಲು ಕಾದ ಜುಲೈನಲ್ಲಿ, ಬಿರುಮಳೆ ಬಂದು ಹೊಳೆಗಳೆಲ್ಲ ಕೆಂಡಾಮಂಡಲವಾದ ದಿನಗಳಲ್ಲಿ ಆ ಕತ್ತಲೆಯ ಪಾತ್ರದಲ್ಲಿ ನೀರು ಓಡುತ್ತದೆ. ನಡುವಿನ ದಿನಗಳಲ್ಲಿ ನದಿ ತನ್ನ ತೂಕಕ್ಕೆ ತಕ್ಕ ಆಳ ಹುಡುಕಿಕೊಂಡು ಸರೋವರದ ನಡುಪದರದಲ್ಲಿ ಸೇರಿಕೊಳ್ಳುತ್ತದೆ. ಬೆರೆಯದೆ ದಾಟುವ ನದಿ ಎಂದ ಆ ಹಳಬರ ಮಾತನ್ನು ಇದಾದ ಮೇಲೆ ನೆನೆದರೆ ಮನಸ್ಸು ಮೆತ್ತಗಾಗುತ್ತದೆ. ನದಿ ಜಿನೀವಾವರೆಗೆ ಹಾಗೆ ಹೋಗುವುದಿಲ್ಲ, ನಿಜ. ನದಿ ಸರೋವರದೊಳಗೂ ಸ್ವಲ್ಪ ದೂರ ನದಿಯಾಗಿಯೇ ಉಳಿಯುತ್ತದೆ ಎಂಬ ಮಟ್ಟಿಗೆ ಅವರ ಊಹೆಯಲ್ಲಿ ಸತ್ಯದ ಎಳೆಯಿತ್ತು.

ಫೊರೆಲ್ ಅವರ ಆ ನಾಲ್ಕು ಪುಟ ಆಮೇಲೆ ಸಮುದ್ರದವರೆಗೆ ಹೋಯಿತು. ಖಂಡಗಳ ಅಂಚಿನಲ್ಲಿ ಸಾಗರದಡಿ ಇರುವ ದೈತ್ಯ ಕಂದರಗಳು ಹೇಗಾದವೆಂದು ತಲೆಕೆಡಿಸಿಕೊಂಡಿದ್ದ ಹಾರ್ವರ್ಡಿನ ರೆಜಿನಾಲ್ಡ್ ಡೇಲಿ 1936ರಲ್ಲಿ ಸ್ವಿಸ್ ಸರೋವರಗಳ ಉದಾಹರಣೆಯನ್ನು ಕೈಗೆತ್ತಿಕೊಂಡು, ಕೆಸರಿನಿಂದ ಭಾರವಾದ ನೀರೇ ಅವನ್ನು ಕೊರೆದಿರಬೇಕೆಂದು ಸೂಚಿಸಿದರು. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಭೂಕಂಪವಾಗಿ, ಅಟ್ಲಾಂಟಿಕ್ ತಳದ ಟೆಲಿಗ್ರಾಫ್ ತಂತಿಗಳು ಒಂದರ ಹಿಂದೊಂದು ತುಂಡಾಗಿದ್ದವು. ಅವು ತುಂಡಾದ ಹೊತ್ತುಗಳನ್ನು ಜೋಡಿಸಿ, ಇಳಿಜಾರಿನಲ್ಲಿ ಓಡಿದ ಕೆಸರುಹರಿವೇ ಕಾರಣವೆಂದು ಹೀಜನ್ ಮತ್ತು ಯೂಯಿಂಗ್ ಎಂಬ ವಿಜ್ಞಾನಿಗಳು 1952ರಲ್ಲಿ ತೋರಿಸಿದರು. ಇವತ್ತು ಸಾಗರ ವಿಜ್ಞಾನದ ಯಾವ ಪಠ್ಯದಲ್ಲೂ ಇರುವ ಈ ಅಧ್ಯಾಯದ ಬೇರು ಒಂದು ಬೆಟ್ಟದ ಸರೋವರದಲ್ಲಿದೆ.

ಲೆಮಾನ್‌ನಲ್ಲೇ ಕಂದರದೊಳಗೆ ವೇಗಮಾಪಕಗಳನ್ನು ಇಳಿಸಿ ಹರಿವನ್ನು ನೇರವಾಗಿ ಅಳೆದದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಫೊರೆಲ್ ತೀರಿಕೊಂಡು ಏಳು ದಶಕ ಕಳೆದಿದ್ದವು. ಧ್ವನಿತರಂಗದ ಹೊಸ ನಕ್ಷೆಗಳು ಈಗ ಹರಿವಿರುವ ಕಂದರದ ಅಕ್ಕಪಕ್ಕದಲ್ಲಿ ಇನ್ನೂ ಹಲವು ಹಳೆಯ ಕಂದರಗಳನ್ನು ತೋರಿಸಿದವು. 19ನೇ ಶತಮಾನದಲ್ಲಿ ದಂಡೆ ಕಟ್ಟಿ ಹಿಡಿದಿಡುವ ಮೊದಲು ನದಿ ಬಯಲಿನಲ್ಲಿ ಬಾಯಿ ಬದಲಿಸುತ್ತಿತ್ತು. ಬಾಯಿ ಬದಲಾದಾಗ ತಳದ ಪಾತ್ರವೂ ಬದಲಾಗುತ್ತಿತ್ತು. 2011ರ ಬೇಸಿಗೆಯಲ್ಲಿ ಲೊಸಾನ್ ತಾಂತ್ರಿಕ ಸಂಸ್ಥೆಯ ಯೋಜನೆಯಡಿ ಮಿರ್ ಎಂಬ ಹೆಸರಿನ ಎರಡು ರಷ್ಯನ್ ಜಲಾಂತರ್ಗಾಮಿಗಳು ಲೆಮಾನ್‌ಗೆ ಇಳಿದು, ವಿಜ್ಞಾನಿಗಳನ್ನು ಆ ಕಂದರಗಳ ಗೋಡೆಯವರೆಗೆ ಒಯ್ದವು. ಬಕೆಟ್ಟಿನಂಥ ಶಿರಸ್ತ್ರಾಣ ಹಾಕಿಕೊಂಡು ಮೊರ್ಲೋ ಇಳಿದ ಸರೋವರವೇ ಅದು.

ಈ ಕೆಸರಿನ ರಾಶಿ ಸುಮ್ಮನೆ ಕೂತಿರುವುದೂ ಇಲ್ಲ. ಕ್ರಿ.ಶ. 563ರಲ್ಲಿ ತೌರೆದುನುಮ್ ಎಂಬಲ್ಲಿ ಬೆಟ್ಟ ಕುಸಿದು, ಸರೋವರದಲ್ಲಿ ಮಹಾ ಅಲೆ ಎದ್ದು, ಜಿನೀವಾದ ಸೇತುವೆ, ಗಿರಣಿಗಳನ್ನು ಒಡೆಯಿತೆಂದು ಆ ಕಾಲದ ಇಬ್ಬರು ಬಿಷಪ್ಪರು ಬರೆದಿಟ್ಟಿದ್ದರು. ಬೆಟ್ಟ ಕುಸಿದದ್ದು ಕಣಿವೆಯಲ್ಲಾದರೆ ಅಲೆ ಎದ್ದದ್ದು ಹೇಗೆ ಎಂಬುದು ತೊಡಕಾಗಿತ್ತು. ಜಿನೀವಾ ವಿಶ್ವವಿದ್ಯಾಲಯದವರು ತಳದಲ್ಲಿ ಆ ಕಾಲದ ದಪ್ಪನೆಯ ಕೆಸರುಪದರವನ್ನು ಗುರುತಿಸಿ 2012ರಲ್ಲಿ ವಿವರಣೆ ಕೊಟ್ಟರು: ಬಂಡೆಗಳು ಬಿದ್ದ ಹೊಡೆತಕ್ಕೆ ರೋನ್ ಬಾಯೆದುರಿನ ಕೆಸರಿನ ಇಳಿಜಾರು ಜರಿದು, ಅದು ನೀರನ್ನು ತಳ್ಳಿತು. ಜಿನೀವಾ ತಲುಪಿದಾಗ ಅಲೆ ಎಂಟು ಮೀಟರ್ ಇದ್ದಿರಬಹುದೆಂದು ಅವರ ಅಂದಾಜು.

ಫೊರೆಲ್ ಓದಿದ ಪಂಚಾಂಗ ಈಗ ಹಾಗೇ ಉಳಿದಿಲ್ಲ. 20ನೇ ಶತಮಾನದ ನಡುವೆ ವಾಲೇ ಪ್ರಾಂತ್ಯದ ಹಲವು ಉಪನದಿಗಳಿಗೆ ಅಣೆಕಟ್ಟೆಗಳು ಬಂದವು. 1961ರಲ್ಲಿ ಮುಗಿದ ಗ್ರಾಂಡ್ ದಿಕ್ಸಾನ್ಸ್ ಕಟ್ಟೆಯ ಎತ್ತರವೇ 285 ಮೀಟರ್. ಈ ಎಲ್ಲ ಜಲಾಶಯಗಳು ಸೇರಿ ನದಿಯ ವರ್ಷದ ನೀರಿನಲ್ಲಿ ಐದರಲ್ಲೊಂದು ಪಾಲನ್ನು ಹಿಡಿದಿಟ್ಟುಕೊಳ್ಳಬಲ್ಲವು. ಬೇಸಿಗೆಯ ಕರಗುನೀರನ್ನು ಕೂಡಿಟ್ಟು ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ಬಿಡುತ್ತಾರೆ. ಹಾಗಾಗಿ ಜುಲೈ ತಗ್ಗಿದೆ, ಜನವರಿ ಹೆಚ್ಚಿದೆ. ಹಿಟ್ಟು ಕಟ್ಟೆಗಳ ಹಿಂದೆಯೇ ಕೂರುತ್ತದೆ. ಸರೋವರ ಸೇರುವ ಕೆಸರು ಕನಿಷ್ಠ ಅರ್ಧಕ್ಕೆ ಇಳಿದಿದೆ, ತಳ ಮುಟ್ಟುವ ಹರಿವುಗಳು ವಿರಳವಾಗಿವೆ ಎಂದು 2000ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಳೆ ಸುರಿದು ನದಿ ಸೆಕೆಂಡಿಗೆ 1,300 ಘನ ಮೀಟರ್ ದಾಟಿತು. ಅದರ ಸರಾಸರಿ ಹರಿವು 180ರ ಆಸುಪಾಸು. ಕಟ್ಟೆಗಳಿದ್ದರೂ ಅಂಥ ದಿನಗಳು ಬರುತ್ತವೆ, ಆದರೆ ಅವು ಎಣಿಸುವಷ್ಟೇ.

ನನ್ನನ್ನು ಕಾಡುವುದು ಇದೇ. ಮುಳುಗುವ ನದಿ ತಳಕ್ಕೆ ಕೆಸರನ್ನಷ್ಟೇ ಒಯ್ಯುತ್ತಿರಲಿಲ್ಲ. ಬಂಡೆಗಳ ಮೇಲೆ ಹಾರಿ ಧುಮುಕಿ ಬಂದ ಆ ನೀರಿನ ತುಂಬ ಆಮ್ಲಜನಕ ಇರುತ್ತದೆ. 309 ಮೀಟರ್ ಆಳದ ಸರೋವರದ ತಳಕ್ಕೆ ಉಸಿರು ಸಿಗುವ ದಾರಿಗಳು ಎರಡು. ಕಡುಚಳಿಯಲ್ಲಿ ಮೇಲ್ನೀರು ತಳದಷ್ಟೇ ತಣ್ಣಗಾಗಿ ಇಡೀ ಸರೋವರ ಮಗುಚಿಕೊಳ್ಳುವುದು ಒಂದು. ಈ ತಳದ ನದಿ ಇನ್ನೊಂದು. ಲೆಮಾನ್ ಕೊನೆಯ ಬಾರಿ ಪೂರ್ತಿ ಮಗುಚಿಕೊಂಡದ್ದು 2012ರ ಚಳಿಗಾಲದಲ್ಲಿ. ಆಮೇಲಿನ ಚಳಿಗಾಲಗಳು ಅಷ್ಟು ತಣ್ಣಗಾಗಿಲ್ಲ. ಮೇಲೆ ಹಿಮನದಿಗಳು ಸೊರಗುತ್ತಿವೆ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ತಮ್ಮ ಹತ್ತನೇ ಒಂದು ಭಾಗವನ್ನು ಕಳೆದುಕೊಂಡವು. ಬಣ್ಣದ ಕಲ್ಲುಗಳ ಸಾಲು ಇಟ್ಟಿದ್ದ ರೋನ್ ಹಿಮನದಿಯ ತುದಿಯ ಮಂಜು ಕರಗದಿರಲೆಂದು ಬೇಸಿಗೆಯಲ್ಲಿ ಒಂದು ಭಾಗಕ್ಕೆ ಬಿಳಿ ಬಟ್ಟೆ ಹೊದಿಸುತ್ತಾರೆ.

ಲ ಬೂವ್ರೆಯ ಬಳಿ ಗೆರೆ ಈಗಲೂ ಮೂಡುತ್ತದೆ. ಜುಲೈಯ ಕೆಲಸದ ದಿನಗಳಲ್ಲಿ ಅದು ಸ್ಪಷ್ಟ. ಭಾನುವಾರ ವಿದ್ಯುತ್ತಿನ ಬೇಡಿಕೆ ತಗ್ಗಿದಾಗ ಮೇಲಿನ ಜಲಾಶಯಗಳ ಯಂತ್ರಗಳು ನಿಧಾನಿಸುತ್ತವೆ, ನದಿ ಸ್ವಲ್ಪ ಇಳಿಯುತ್ತದೆ, ಮರದ ತುಂಡುಗಳು ದಡಕ್ಕೆ ತುಸು ಹತ್ತಿರ ಬಂದು ಅಲ್ಲಿ ಸುತ್ತುತ್ತವೆ. ಸೋಮವಾರ ಮತ್ತೆ ಆಚೆ ಸರಿಯುತ್ತವೆ.